ಫೋಟೊ ತೆಗೆಯುವ ಮನಸ್ಸೇ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಕ್ಯಾಮೆರಾ ಎರಡು ತಿಂಗಳಿಂದ ಅಲ್ಮಾರಾದಲ್ಲೇ ಇದೆ. ಇಲ್ಲವೇ ಹೆಗಲಿಗೆ ಹಾಕಿಕೊಂಡು ಹೋಗಿ, ಕೋಟೆ ಕಡೆ ಒಂದು ಸುತ್ತು ಅಡ್ಡಾಡಿ, ಚಹಾ ಕುಡಿದು, ಒಂದೂ ಫೋಟೊ ತೆಗೆಯದೆ ಮನೆಗೆ ಬರುತ್ತೀರಿ. ಅದೂ ಅಲ್ಲದಿದ್ದರೆ ಜಾತ್ರೆಯಲ್ಲಿ ನಾನೂರು ಫೋಟೊ ತೆಗೆದಿದ್ದೀರಿ, ಕಾರ್ಡು ಇನ್ನೂ ಕ್ಯಾಮೆರಾದೊಳಗೇ ಇದೆ. ಮೂವರನ್ನೂ ಕೇಳಿ ನೋಡಿ, ಉತ್ತರ ಒಂದೇ: "ಯಾಕೋ ಮನಸಾಗವಲ್ದ್ರೀ."

ಇವು ಮೂರು ಬೇರೆ ಬೇರೆ ದೋಷ. ಮನಸ್ಸಿಲ್ಲ ಎನ್ನುವುದು ಲಕ್ಷಣ ಮಾತ್ರ, ಜ್ವರ ಇದ್ದ ಹಾಗೆ. ಕಾರಣ ತಿಳಿಯದೆ ಮದ್ದು ಮಾಡಿದರೆ ದುಡ್ಡು ಹೋಗುತ್ತದೆ, ಜ್ವರ ಇಳಿಯುವುದಿಲ್ಲ. ಹೊಸ ಲೆನ್ಸ್ ಕೊಳ್ಳುವುದು, ಲಡಾಖಿಗೆ ಹೋಗಬೇಕೆಂದು ಕನಸು ಕಾಣುವುದು, ಬೇರೆಯವರ ಫೋಟೊ ನೋಡುತ್ತ ರಾತ್ರಿ ಕಳೆಯುವುದು: ಎಲ್ಲರೂ ಮೊದಲು ಮಾಡುವ ಮದ್ದು ಇವೇ, ಹೆಚ್ಚಿನವರಿಗೆ ನಾಟದ ಮದ್ದೂ ಇವೇ.

ಕೊಪ್ಪಳ ಸೀಮೆಯಲ್ಲಿ ಒಂದು ಮಾತಿದೆ: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ದೋಷ ವಿಂಗಡಿಸಲು ಇದೇ ಸಾಕು. ಮನೆ ಬಿಟ್ಟು ಹೊರಡಲಾಗದಿದ್ದರೆ ಕಾಲಿನ ದೋಷ. ಹೊರಟರೂ ಏನೂ ಕಾಣದಿದ್ದರೆ ಕಣ್ಣಿನ ದೋಷ. ತೆಗೆದದ್ದನ್ನು ಬಿಚ್ಚಿ ನೋಡಲು ಬೇಸರವಾದರೆ ಮನೆಗೆ ಬಂದ ಮೇಲಿನ ದೋಷ. ಕೊನೆಯದನ್ನು ಗಾದೆ ಹೇಳುವುದಿಲ್ಲ, ಆದರೆ ಈಗಿನ ಕಾಲದಲ್ಲಿ ಅದು ಚಿಕ್ಕದಲ್ಲ.

ಮೊದಲು ಪರೀಕ್ಷೆ

ಒಂದು ರಾತ್ರಿ, ಒಂದು ಮುಂಜಾನೆ, ಒಂದು ಸಂಜೆ ಬೇಕು. ಮೊಬೈಲ್ ಕ್ಯಾಮೆರಾ ಆದರೂ ನಡೆಯುತ್ತದೆ.

1. ರಾತ್ರಿ ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡ್‌ನಲ್ಲಿ ಜಾಗ ಮಾಡಿ, ಒಂದೇ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಗಾಡಿ ಕೀಲಿ ಇಡುವ ಕಡೆ ಇಡಿ.
2. ಮುಂಜಾನೆ ಮನೆ ಬಾಗಿಲಿಂದ 200 ಹೆಜ್ಜೆಯೊಳಗೆ ಅರ್ಧ ತಾಸು ಇರಿ. ಲೆಕ್ಕವಿಟ್ಟು 24 ಫೋಟೊ ತೆಗೆಯಿರಿ. ನಡುವೆ ಸ್ಕ್ರೀನ್ ನೋಡಬೇಡಿ, ಅಳಿಸಬೇಡಿ.
3. ಅದೇ ದಿನ ಸಂಜೆ ದೊಡ್ಡ ಪರದೆಗೆ ಹಾಕಿ, ಮೂರು ಆರಿಸಿ.

ಎಲ್ಲಿ ನಿಂತಿರೋ ದೋಷ ಅಲ್ಲೇ ಇದೆ. ಎರಡನೆಯ ಹಂತ ಶುರುವೇ ಆಗಲಿಲ್ಲ, ಕ್ಯಾಮೆರಾ ಕೀಲಿಯ ಪಕ್ಕದಲ್ಲೇ ಉಳಿಯಿತು ಎಂದರೆ ಕಾಲಿನದು. ಶುರುವಾಯಿತು, ಎಂಟೊಂಬತ್ತಕ್ಕೆ ಕೈ ನಿಂತಿತು, ಮುಂದೆ ಏನು ತೆಗೆಯಬೇಕೋ ತೋಚಲಿಲ್ಲ ಎಂದರೆ ಕಣ್ಣಿನದು. 24 ಆಯಿತು, ಸಂಜೆಯ ಕೆಲಸ ನಾಳೆಗೆ ಹೋಯಿತು ಎಂದರೆ ಮೂರನೆಯದು. ಮೂರೂ ಹಂತ ಸಲೀಸಾಗಿ ಮುಗಿದಿದ್ದರೆ ದೋಷವೇ ಇಲ್ಲ, ಹೊರಡಲು ನೆಪ ಇರಲಿಲ್ಲ ಅಷ್ಟೆ. ಅಂಥವರು ಮುಂದೆ ಬರುವ ಒಂದೇ ವಿಷಯ ಹಿಡಿಯುವ ಭಾಗವನ್ನಷ್ಟೇ ಓದಿದರೂ ಸಾಕು.

ಕಾಲಿನ ದೋಷ

ಹೊರಡಬೇಕು ಎಂದುಕೊಂಡ ಗಳಿಗೆಯಿಂದ ಮೊದಲ ಕ್ಲಿಕ್ ತನಕ ಎಷ್ಟು ಕೆಲಸ ಇದೆ ಎಂದು ಎಣಿಸಿ. ಬ್ಯಾಗ್ ಹುಡುಕಬೇಕು, ಚಾರ್ಜರ್ ಹುಡುಕಬೇಕು, ಹಳೆ ಮದುವೆಯ ಫೋಟೊ ಕಾರ್ಡಿನಿಂದ ಇಳಿಸಬೇಕು, ಯಾವ ಲೆನ್ಸ್ ಎಂದು ಯೋಚಿಸಬೇಕು. ಮೂರಕ್ಕಿಂತ ಹೆಚ್ಚಿದ್ದರೆ ಮನಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ಮುಂಜಾನೆಯ ನಿದ್ದೆಗಣ್ಣಿನಲ್ಲಿ ಅಷ್ಟು ಕೆಲಸ ಯಾರಿಗೂ ಬೇಡವಾಗುತ್ತದೆ.

ಬ್ಯಾಗಿನ ತೂಕ ಇಳಿಸಿ. ಒಂದು ಕ್ಯಾಮೆರಾ, ಒಂದು ಲೆನ್ಸ್, ಒಂದು ಹೆಚ್ಚುವರಿ ಬ್ಯಾಟರಿ, ಗಾಳಿ ಊದುವ ರಬ್ಬರ್ ಬ್ಲೋವರ್, ಮೆತ್ತನೆಯ ಬಟ್ಟೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 35 ಅಥವಾ 50 ಎಂಎಂ, ಕ್ರಾಪ್ (ಅದಕ್ಕಿಂತ ಚಿಕ್ಕ) ಸೆನ್ಸರ್ ಇದ್ದರೆ 24 ಅಥವಾ 35 ಎಂಎಂ. ಜೂಮ್ ಲೆನ್ಸ್ ಮಾತ್ರ ಇದೆಯೇ? 35ಕ್ಕೆ ತಿರುಗಿಸಿ, ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಜೂಮ್ ಕಾಲಿನ ಕೆಲಸವನ್ನು ಕಸಿಯುತ್ತದೆ. ಅದು ನಿಂತರೆ ನೀವು ನಡೆಯುತ್ತೀರಿ, ನಡೆದರೆ ಕೋನ ಬದಲಾಗುತ್ತದೆ. ಸೆಟ್ಟಿಂಗ್ ಕೂಡ ರಾತ್ರಿಯೇ ಮುಗಿಸಿಡಿ: ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನೀವು ಹೇಳಿ, ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಡುವ ಕ್ರಮ), ಕಿಂಡಿ ಎಫ್8, ಆಟೊ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಗರಿಷ್ಠ 3200, ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗೆ ಇಳಿಯದಂತೆ. ಬೀದಿಯಲ್ಲಿ ಎದುರಾಗುವ ಹೆಚ್ಚಿನ ದೃಶ್ಯಗಳಿಗೆ ಇಷ್ಟು ಸಾಕು.

ಗುರಿ ದೊಡ್ಡದಾದರೂ ಕಾಲು ಏಳುವುದಿಲ್ಲ. "ಪ್ರತಿ ಭಾನುವಾರ ಸೂರ್ಯೋದಯಕ್ಕೆ ಅಂಜನಾದ್ರಿ ಮೇಲೆ" ಎಂದು ಪ್ರತಿಜ್ಞೆ ಮಾಡಿದವರು ಎರಡನೇ ವಾರಕ್ಕೇ 575 ಮೆಟ್ಟಿಲು ನೆನೆದು ಹೊದ್ದು ಮಲಗುತ್ತಾರೆ. ಬೆಟ್ಟಕ್ಕೆ ತಿಂಗಳಿಗೊಮ್ಮೆ ಹೋಗಿ. ವಾರದ ಗುರಿ ನಿಮ್ಮ ದಿನದ ದಾರಿಯಲ್ಲೇ ಇರಲಿ: ಹಾಲಿಗೆ ಹೋಗುವ ಓಣಿ, ಬಸ್ ನಿಲ್ದಾಣ, ಸಂತೆ. ದಿನಕ್ಕೆ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಇದಕ್ಕಿಂತ ಹೆಚ್ಚು ಮೊದಲ ತಿಂಗಳು ಹಾಕಿಕೊಳ್ಳಬೇಡಿ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು. ಆ ಎರಡು ತಿಂಗಳು ಮನಸ್ಸು ಬರದಿದ್ದರೆ ಅದು ನಿಮ್ಮ ಆಲಸ್ಯವಲ್ಲ, ದೇಹ ತನ್ನನ್ನು ತಾನು ಕಾಯ್ದುಕೊಳ್ಳುತ್ತಿದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಬ್ಯಾಟರಿಯನ್ನು ನಿಂತ ಕಾರಿನೊಳಗೆ ಬಿಡಬೇಡಿ. ಲಿಥಿಯಂ ಬ್ಯಾಟರಿ ಕಾವಿಗೆ ಬೇಗ ಮುಪ್ಪಾಗುತ್ತದೆ, ತುಂಬ ಚಾರ್ಜ್ ಇದ್ದು ಕಾವಿನಲ್ಲಿ ಉಳಿದರೆ ಇನ್ನೂ ಬೇಗ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ತಂಪು ಜಾಗದಲ್ಲಿಡಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು ಲೆನ್ಸ್ ಮೇಲೆ ಕೂತರೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ನೇರ ಒರೆಸಿದರೆ ಧೂಳಿನ ಕಣ ಗಾಜನ್ನು ಗೀರುತ್ತದೆ. ಸೆನ್ಸರ್ ಮೇಲೆ ಧೂಳು ಇದೆಯೇ ತಿಳಿಯಲು ಎಫ್16ಕ್ಕೆ ಇಟ್ಟು ಬರಿ ಆಕಾಶದ ಫೋಟೊ ತೆಗೆಯಿರಿ. ಕಪ್ಪು ಚುಕ್ಕೆ ಪ್ರತಿ ಫೋಟೊದಲ್ಲೂ ಒಂದೇ ಜಾಗದಲ್ಲಿ ಬಂದರೆ ಧೂಳು.

ಯಾರಾದರೂ ತಡೆದಾರು ಎಂಬ ಅಳುಕಿದ್ದರೆ ನಿಯಮ ಮೊದಲೇ ಕೇಳಿಕೊಳ್ಳಿ. ಅಣೆಕಟ್ಟು, ವಿದ್ಯುತ್ ಸ್ಥಾವರ, ಗಣಿಗಳ ಬಳಿ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಡ್ರೋನ್ ಎರಡಕ್ಕೂ ಮುಂಚೆ ಒಪ್ಪಿಗೆ ಪಡೆಯಬೇಕು.

ಕಣ್ಣಿನ ದೋಷ

ಇಲ್ಲಿ ಹೊತ್ತು ಕೊಡಬೇಕು, ಏಕೆಂದರೆ ಬಹಳ ಮಂದಿಯ ತೊಂದರೆ ಇದೇ. "ನಮ್ಮೂರಾಗ ಏನೈತ್ರೀ, ಬರೇ ಕಲ್ಲು" ಎಂಬ ಮಾತು ಬಂತೆಂದರೆ ಊರನ್ನು ಬಿಟ್ಟು ಬೆಳಕನ್ನು ಪರೀಕ್ಷಿಸಿ.

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳು ಹೆಚ್ಚುಕಡಿಮೆ 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಸೂರ್ಯ ಕಡಿದಾಗಿ ಏರುತ್ತಾನೆ, ದಿಗಂತದಿಂದ 6 ಡಿಗ್ರಿ ಮೇಲೆ ಬರಲು ಸುಮಾರು 25 ನಿಮಿಷ ಸಾಕು. ಹೊತ್ತು ಹುಟ್ಟುವಾಗ, ಮುಳುಗುವಾಗ ಬೀಳುವ ಮೆತ್ತನೆಯ ಹೊಂಬೆಳಕಿಗೆ ಯುರೋಪಿನ ಛಾಯಾಗ್ರಾಹಕರು ಹೇಳುವ "ಚಿನ್ನದ ತಾಸು" ನಮ್ಮಲ್ಲಿ ಅರ್ಧ ತಾಸಿನ ಮೇಲೆ ಸ್ವಲ್ಪ. ಎದ್ದು, ಚಹಾ ಕುಡಿದು, ಏಳೂವರೆಗೆ ಹೊರಟವರಿಗೆ ಅದು ಸಿಗುವುದಿಲ್ಲ. ಜೂನ್‌ನಲ್ಲಿ ಹೊತ್ತು ಹುಟ್ಟುವುದು ಆರಕ್ಕೂ ಮುಂಚೆ, ಜನವರಿಯಲ್ಲಿ ಆರೂವರೆ ದಾಟಿ. ಮುಂಜಾನೆ ಏಳುವುದು ಕಷ್ಟವಾದವರಿಗೆ ಚಳಿಗಾಲವೇ ಶುರುಮಾಡಲು ಸರಿಯಾದ ಕಾಲ. ಇನ್ನು ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗ ಬಳ್ಳಾರಿ ಗುಡ್ಡದ ಬಂಡೆ ಬಿಳಿ ಕಾಗದದಂತೆ ಚಪ್ಪಟೆಯಾಗಿ ಕಾಣುತ್ತದೆ, ಮನುಷ್ಯರ ಕಣ್ಣು ಕಪ್ಪು ಗುಳಿಯಾಗುತ್ತದೆ. ಬಂಡೆಗೂ ಮುಖಕ್ಕೂ ಆಕಾರ ಕೊಡುವುದು ನೆರಳು. ಅದಿಲ್ಲದ ಹೊತ್ತಿನಲ್ಲಿ ಅಡ್ಡಾಡಿ "ಏನೂ ಇಲ್ಲ" ಎಂದರೆ ಅದು ಆ ಹೊತ್ತಿಗೆ ನಿಜವೇ.

ಒಂದು ಪರೀಕ್ಷೆ ಇದೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟದಲ್ಲಿ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಶಿಲಾಯುಗದವರು ಕುಟ್ಟಿ ಮೂಡಿಸಿದ ದನ, ಮನುಷ್ಯರ ಚಿತ್ರಗಳಿವೆ. ಮಧ್ಯಾಹ್ನ ಹೋದರೆ ಪಕ್ಕದಲ್ಲೇ ನಿಂತರೂ ಎಷ್ಟೋ ಗೀರು ಕಣ್ಣಿಗೆ ಬೀಳುವುದಿಲ್ಲ. ಹೊತ್ತು ಮುಳುಗುವ ಮುಂಚೆ ಬೆಳಕು ಓರೆಯಾಗಿ ಬಿದ್ದಾಗ ಒಂದೊಂದೇ ಎದ್ದು ಬರುತ್ತವೆ. ರಾಯಚೂರು ಕೋಟೆಯ 41 ಅಡಿಗೂ ಉದ್ದದ ಕಲ್ಲಿನ ಮೇಲಿರುವ 1294ರ ಶಾಸನದ ಅಕ್ಷರಗಳದ್ದೂ ಇದೇ ಕಥೆ. ಒಂದೇ ಜಾಗಕ್ಕೆ ಎರಡು ಹೊತ್ತಿನಲ್ಲಿ ಹೋಗಿ, ಒಂದೇ ಕಡೆ ನಿಂತು ತೆಗೆದು ಹೋಲಿಸಿ. ಎರಡನೇ ಫೋಟೊ ನಿಮ್ಮನ್ನು ಹಿಡಿದರೆ ನಿಮ್ಮ ಕಣ್ಣು ಸರಿಯಿದೆ, ಗಡಿಯಾರ ತಪ್ಪಿತ್ತು. (ಚಿತ್ರ ಚೆನ್ನಾಗಿ ಕಾಣಲಿ ಎಂದು ಬಂಡೆಗೆ ನೀರು ಹಾಕುವುದು, ಸುಣ್ಣದಕಡ್ಡಿ ತೀಡುವುದು ಬೇಡವೇ ಬೇಡ. ಸಾವಿರಾರು ವರ್ಷ ಉಳಿದದ್ದು ನಮ್ಮ ಒಂದು ಫೋಟೊಕ್ಕೆ ಹಾಳಾಗಬಾರದು.)

ಗುಡಿಗಳಿಗೆ ಇನ್ನೊಂದು ಲೆಕ್ಕ. ಇಟಗಿಯ ಮಹಾದೇವ ದೇವಾಲಯ 1112ರದ್ದು, ನುಣುಪು ಕಲ್ಲಿನ ಸೂಕ್ಷ್ಮ ಕೆತ್ತನೆ. ಅದನ್ನು ನೋಡಿಯೂ ಫೋಟೊ ಸಪ್ಪೆ ಬಂತು ಎನ್ನುವವರನ್ನು ಯಾವ ತಿಂಗಳಲ್ಲಿ ಹೋಗಿದ್ದಿರಿ ಎಂದು ಕೇಳಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ಆರು ತಿಂಗಳು ಯಾವುದೇ ಗುಡಿಯ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಚಳಿಗಾಲದಲ್ಲಿ ದಕ್ಷಿಣದ ಗೋಡೆ, ಬೇಸಿಗೆಯ ಮುಂಜಾನೆ ಉತ್ತರದ ಗೋಡೆ ಎಂದು ಹಂಚಿಕೊಂಡರೆ ಒಂದೇ ಗುಡಿ ವರ್ಷಕ್ಕೆ ಎರಡು ಬಾರಿ ಹೊಸದಾಗಿ ಸಿಗುತ್ತದೆ.

ಮಧ್ಯಾಹ್ನವೇ ಬಿಡುವು ಸಿಗುವವರು ಬಿಸಿಲಿಗೆ ಹೋಗದೆ ಬಿಸಿಲು ಒಳಗೆ ಬರುವ ಕಡೆ ಹೋಗಿ. ಗಂಗಾವತಿಯ ಅಕ್ಕಿ ಗಿರಣಿಯ ತೌಡಿನ ಧೂಳಿನಲ್ಲಿ ತಗಡಿನ ತೂತಿನಿಂದ ಇಳಿಯುವ ಬೆಳಕಿನ ಕೋಲು, ಹಳೆ ಮನೆಯ ಪಡಸಾಲೆ, ಹೋಟೆಲ್ಲಿನ ಒಲೆ ಪಕ್ಕದ ಬಾಗಿಲು. ಎಕ್ಸ್‌ಪೋಷರನ್ನು ಬೆಳಕಿನ ಭಾಗಕ್ಕೆ ಸರಿಹೊಂದಿಸಿ, ಉಳಿದದ್ದು ಕಪ್ಪಾಗಲಿ.

ಬೆಳಕು ಸರಿಯಿದ್ದೂ ಕಣ್ಣು ಕಂಡದ್ದು ಫೋಟೊದಲ್ಲಿ ಬರದಿದ್ದರೆ ಬೆಳಕು ಅಳೆಯುವ ಮೀಟರ್ ನೋಡಿ. ಕ್ಯಾಮೆರಾ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ಎಳೆಯುತ್ತದೆ. ಹತ್ತಿ ರಾಶಿ ಬೂದಿ ರಾಶಿಯಂತೆ ಬಂದರೆ ಎಕ್ಸ್‌ಪೋಷರ್ +1 ಮಾಡಿ. ಕತ್ತಲೆ ಹಿನ್ನೆಲೆಯ ಮುಂದೆ ಬಿಸಿಲಿಗೆ ಕೂತ ಕಪ್ಪು ಕಂಬಳಿಯ ಕುರಿಗಾಹಿಯ ಮುಖ ಸುಟ್ಟಂತೆ ಬೆಳ್ಳಗಾದರೆ -1. ಮೊಬೈಲಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆ ಎಳೆಯಿರಿ. ಇಷ್ಟು ಸಣ್ಣ ತಪ್ಪಿಗೆ "ನನಗೆ ಫೋಟೊ ಬರಂಗಿಲ್ಲ" ಎಂದು ಬಿಟ್ಟವರು ಇದ್ದಾರೆ, ಅದಕ್ಕೇ ಬರೆಯಬೇಕಾಯಿತು.

ಬೆಳಕು, ಮೀಟರ್ ಎರಡೂ ಸರಿ, ಆದರೂ ಏನೂ ಹೊಸದಲ್ಲ ಎಂದರೆ ಅದು ರೂಢಿಯ ಪೊರೆ. ದಿನಾ ನೋಡಿದ್ದನ್ನು ಕಣ್ಣು ಹೆಸರಿಟ್ಟು ದಾಟಿಬಿಡುತ್ತದೆ: ಗುಡ್ಡ, ಬಸ್ಸು, ಎಮ್ಮೆ, ಗುಡಿ. ಇದಕ್ಕೆ ಮದ್ದು ಒಂದೇ ವಿಷಯ ಹಿಡಿಯುವುದು. ಹನ್ನೆರಡು ವಾರ, ಒಂದು ವಿಷಯ, ವಾರಕ್ಕೆ ಎರಡು ಫೋಟೊ ಉಳಿಯಬೇಕು. ವಿಷಯ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. "ರಾಯಚೂರು" ವಿಷಯವಲ್ಲ, "ರಾಯಚೂರು ಮಾರುಕಟ್ಟೆಯಲ್ಲಿ ಹತ್ತಿ ಹಿಡಿದ ಕೈಗಳು" ವಿಷಯ. "ಕೊಪ್ಪಳದ ಕಲೆ" ಬೇಡ, ಕಿನ್ನಾಳದ ಒಂದು ಬೊಂಬೆ ಕಟ್ಟಿಗೆಯಿಂದ ಬಣ್ಣದವರೆಗೆ ಹೋಗುವ ದಾರಿ ಹಿಡಿಯಿರಿ. ಕೆತ್ತುವುದು, ಕಟ್ಟಿಗೆ ಪುಡಿ ಮತ್ತು ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಸಂದು ಮುಚ್ಚುವುದು, ಬಣ್ಣ ಬಳಿಯುವುದು, ಕೊನೆಗೆ ಕಣ್ಣು ಬರೆಯುವುದು. ಪ್ರತಿ ಹಂತಕ್ಕೂ ಮೂರು ದೂರ: ಇಡೀ ಕೋಣೆ, ಕೆಲಸಗಾರ, ಬೆರಳ ತುದಿ. ನಾಲ್ಕು ಹಂತ, ಮೂರು ದೂರ, ಹನ್ನೆರಡು ಫೋಟೊ. ಹೋಗುವ ಮುಂಚೆ ಕಾಗದದ ಮೇಲೆ ಈ ಹನ್ನೆರಡು ಖಾನೆ ಬರೆದುಕೊಂಡರೆ "ಏನು ತೆಗೆಯಲಿ" ಎಂಬ ಪ್ರಶ್ನೆ ಏಳುವುದಿಲ್ಲ. ಯಾವ ಖಾನೆ ಖಾಲಿ ಎಂಬ ಪ್ರಶ್ನೆಯೇ ನಿಮ್ಮನ್ನು ಮುಂದಿನ ವಾರ ಮತ್ತೆ ಅಲ್ಲಿಗೆ ಎಳೆಯುತ್ತದೆ.

ಇನ್ನೊಂದು ದಾರಿ ಮರುಚಿತ್ರಣ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯ ಗುಡಿಗಳನ್ನು ಹಿಡಿದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ನಿಮ್ಮ ಮನೆಯ ಹಳೆ ಆಲ್ಬಮ್ಮಿನಲ್ಲೂ ಊರಿನ ಒಂದು ಫೋಟೊ ಇದ್ದೇ ಇರುತ್ತದೆ: ಬಾವಿ ಕಟ್ಟೆ, ಅಗಸಿ ಬಾಗಿಲು, ಶಾಲೆ. ಅದರ ಪ್ರತಿ ಕೈಯಲ್ಲಿ ಹಿಡಿದು ಹೋಗಿ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು, ಇವೆರಡೂ ಹಳೆ ಫೋಟೊದಲ್ಲಿ ಹೇಗೆ ಒಂದರ ಹಿಂದೆ ಒಂದು ನಿಂತಿವೆಯೋ ಹಾಗೆ ಬರುವ ತನಕ ಎಡಕ್ಕೆ ಬಲಕ್ಕೆ ಸರಿಯಿರಿ. ನಂತರ ಹಿಂದೆ ಮುಂದೆ. ಎತ್ತರ ಕೊನೆಗೆ. ಜಾಗ ಸಿಕ್ಕ ಗಳಿಗೆಯಲ್ಲಿ ಮೈಯಲ್ಲಿ ಆಗುವ ಪುಲಕ ಯಾವ ಹೊಸ ಲೆನ್ಸಿನಿಂದಲೂ ಬರುವುದಿಲ್ಲ.

ಜಾತ್ರೆಯ ದೋಷ ಚಿಕ್ಕದು. ಕೊಪ್ಪಳದ ಗವಿಮಠದ ತೇರು ಎಲ್ಲರ ಮೊಬೈಲಿನಲ್ಲೂ ಇದೆ, ಹಾಗಾಗಿ ನಿಮ್ಮ ಫೋಟೊ ನಿಮಗೇ ಎಂಜಲು ಎನಿಸುತ್ತದೆ. ಹತ್ತು ಫೋಟೊ ತೇರಿನದು ತೆಗೆದು ಆಸೆ ತೀರಿಸಿಕೊಳ್ಳಿ. ನಂತರ ತೇರಿಗೆ ಬೆನ್ನು ಮಾಡಿ ಜನರ ಮುಖ ನೋಡಿ. ದಾಸೋಹಕ್ಕೆ ಊರೂರಿನಿಂದ ಬರುವ ರೊಟ್ಟಿ ಬುಟ್ಟಿಗಳ ಹಿಂದೆ ಹೋಗಿ. ದರೋಜಿ ಕರಡಿಧಾಮದಲ್ಲಿ ಕರಡಿ ಫೋಟೊ ಸಿಗದೆ ಸೋತವರು ಲೆನ್ಸ್ ನೋಡಲಿ. ವೀಕ್ಷಣಾ ಗೋಪುರದಿಂದ 55 ಎಂಎಂಗೆ ಕರಡಿ ಕಪ್ಪು ಚುಕ್ಕೆಯೇ, 400 ಎಂಎಂ ಬೇಕು. ಇಲ್ಲದವರು ಬಂಡೆಗಳ ನಡುವಿನ ಬೆಳಕನ್ನೇ ವಿಷಯ ಮಾಡಿಕೊಳ್ಳಲಿ.

ಜನರ ಅಳುಕು

ಬಹಳ ಜನ ಇದನ್ನು ಪ್ರೇರಣೆಯ ಕೊರತೆ ಎಂದುಕೊಂಡಿರುತ್ತಾರೆ. ಗುರುತು ಹೀಗೆ: ನಿಮ್ಮ ಹಿಂದಿನ ನೂರು ಫೋಟೊ ನೋಡಿ. ಮನುಷ್ಯರೆಲ್ಲ ಬೆನ್ನು ತಿರುಗಿಸಿದ್ದರೆ ಅಥವಾ ಬೆರಳುಗಾತ್ರ ಇದ್ದರೆ ಅಳುಕೇ ಕಾರಣ. ದೂರದಿಂದ ಕದ್ದು ತೆಗೆದಷ್ಟೂ ಅದು ಬೆಳೆಯುತ್ತದೆ. ಹತ್ತಿರ ಹೋಗಿ ಕೇಳಿ: "ಯಜಮಾನ್ರ, ಒಂದ್ ಫೋಟೊ ತಗಿಲೇನ್ರೀ?" "ಅಮ್ಮಾ, ನಿಮ್ದೊಂದ್ ಫೋಟೊ ತಗಿಲೇನ್ರಿ?" ಕ್ಯಾಮೆರಾ ಕಾಣುವಂತೆ ಎದೆಯ ಮೇಲಿರಲಿ, ಕಣ್ಣಿಗೆ ಏರಿಸಿರಬಾರದು. ಬೇಡ ಎಂದರೆ "ಆಯ್ತ್ರಿ" ಎಂದು ಮುಂದೆ ಹೋಗಿ, ಎರಡನೇ ಬಾರಿ ಕೇಳಬೇಡಿ. ಒಪ್ಪಿದವರು ಮೊದಲು ಸೆಟೆದು ನಿಲ್ಲುತ್ತಾರೆ. ಆ ಫೋಟೊ ತೆಗೆಯಿರಿ, ಅದು ಅವರದು. ತೋರಿಸಿ, ಮಾತಾಡಿಸಿ, ಅವರು ಕೆಲಸಕ್ಕೆ ಮರಳಿದ ಮೇಲೆ ತೆಗೆಯುವುದು ನಿಮ್ಮದು. ಮುಂದಿನ ವಾರ ಅವರ ಫೋಟೊವನ್ನು 4×6 ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಆ ಓಣಿಯಲ್ಲಿ ಆಮೇಲೆ ನಿಮ್ಮನ್ನು ಅವರೇ ಕರೆಯುತ್ತಾರೆ. ಮಕ್ಕಳ ಫೋಟೊಕ್ಕೆ ಮನೆಯವರ ಒಪ್ಪಿಗೆ ಬೇಕೇ ಬೇಕು.

ಮನೆಗೆ ಬಂದ ಮೇಲಿನ ದೋಷ

ಹಾರ್ಡ್ ಡಿಸ್ಕಿನಲ್ಲಿ ನೋಡದ ಐದು ಸಾವಿರ ಫೋಟೊ ಇದ್ದರೆ ಹೊಸದು ತೆಗೆಯಲು ಕೈ ಬಾರದಿರುವುದು ಸಹಜ. ಬಾಕಿ ಕೆಲಸದ ಭಾರ ಅದು. ಹಳೆಯದನ್ನು "ಬಾಕಿ" ಎಂಬ ಒಂದೇ ಫೋಲ್ಡರಿಗೆ ಹಾಕಿ ಪಕ್ಕಕ್ಕಿಡಿ. ಹೊಸದಕ್ಕೆ ಈ ಶಿಸ್ತು: ಬಂದ ದಿನವೇ ಕಾರ್ಡ್ ಇಳಿಸಿ, ಫೋಲ್ಡರಿಗೆ ವರ್ಷ, ತಿಂಗಳು, ಊರು ಬರೆಯಿರಿ, ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ. ಆಯ್ಕೆ ಮಾತ್ರ (ಪರೀಕ್ಷೆಯ 24 ಫೋಟೊ ಬಿಟ್ಟರೆ) ಮೂರು ದಿನ ಬಿಟ್ಟು ಮಾಡಿ. ತೆಗೆದ ದಿನ ಕಷ್ಟಪಟ್ಟದ್ದೆಲ್ಲ ಚೆಂದ ಕಾಣುತ್ತದೆ, ಮೂರು ದಿನಕ್ಕೆ ಆ ಕಷ್ಟ ಮರೆತು ಫೋಟೊ ಮಾತ್ರ ಉಳಿಯುತ್ತದೆ. 300 ಇದ್ದರೆ ಮೊದಲ ಸುತ್ತಿಗೆ 60, ಎರಡನೆಯದಕ್ಕೆ 20, ಮೂರನೆಯದಕ್ಕೆ 5. ಐದನ್ನು ಪ್ರಿಂಟ್ ಹಾಕಿಸಿ ದಿನಾ ಕಾಣುವ ಗೋಡೆಗೆ ಅಂಟಿಸಿ. ತಿಂಗಳಾದರೂ ಬೇಸರವಾಗದ ಒಂದೆರಡು ಅದರಲ್ಲಿ ಇರುತ್ತವೆ. ನಿಮ್ಮ ಮುಂದಿನ ವಿಷಯದ ಸುಳಿವು ಅಲ್ಲೇ ಇದೆ.

ಲೈಕ್ ಎಣಿಸುವ ಚಾಳಿ ಕಾರಣವೆಂದು ಅನುಮಾನವಿದ್ದರೆ ಒಂದು ತಿಂಗಳು ಎಲ್ಲೂ ಹಾಕದೆ ತೆಗೆಯಿರಿ. ಖುಷಿ ಮರಳಿದರೆ ಕಾರಣ ಅದೇ.

ಈ ಯಾವ ಪರೀಕ್ಷೆಗೂ ಸಿಗದ ಒಂದು ಸ್ಥಿತಿ ಇದೆ. ಫೋಟೊ ಮಾತ್ರವಲ್ಲ, ಊಟ, ನಿದ್ದೆ, ಜನ, ಹಿಂದೆ ಇಷ್ಟವಿದ್ದ ಯಾವುದೂ ಎರಡು ವಾರದಿಂದ ಬೇಡವಾಗಿದ್ದರೆ ಈ ಕೈಪಿಡಿಯನ್ನು ಮುಚ್ಚಿ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕ್ಯಾಮೆರಾ ಕಾಯುತ್ತದೆ.

ಮರುಪರೀಕ್ಷೆ

ಹದಿನೈದು ದಿನ ಬಿಟ್ಟು ಮೊದಲಿನ 24 ಫೋಟೊದ ಪರೀಕ್ಷೆಯನ್ನು ಅದೇ 200 ಹೆಜ್ಜೆಯೊಳಗೆ, ಅದೇ ಹೊತ್ತಿಗೆ ಮತ್ತೆ ಮಾಡಿ. ಎರಡೂ ಸಲದ ಫೋಟೊ ಅಕ್ಕಪಕ್ಕ ಇಟ್ಟು ಹತ್ತನೆಯದರಿಂದ ಮುಂದಿನವನ್ನು ನೋಡಿ, ಮೊದಲ ಒಂಬತ್ತು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ. ಎರಡನೇ ಸಲ ಹತ್ತರ ಮುಂದೆ ಬಗ್ಗಿ ತೆಗೆದದ್ದು, ಹತ್ತಿರ ಹೋದದ್ದು, ಕಾದು ತೆಗೆದದ್ದು ಕಂಡರೆ ಹಿಡಿದ ಮದ್ದು ಸರಿಯಿದೆ, ಹನ್ನೆರಡು ವಾರ ಮುಂದುವರಿಸಿ. ಎರಡು ಸಾಲೂ ಒಂದೇ ತರ ಇದ್ದರೆ ಹೊತ್ತು ಮಾತ್ರ ಬದಲಿಸಿ, ಮುಂಜಾನೆಯದನ್ನು ಸಂಜೆಗೆ ಹಾಕಿ, ಮತ್ತೆ 24 ತೆಗೆಯಿರಿ. ಎರಡನ್ನು ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.